ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಹಿನ್ನೆಲೆ ವಿಚಾರಣೆ: ಏಕೆ, ಎಷ್ಟು, ಹೇಗೆ?

ಬೆಂಗಳೂರಿನ ರಿಚರ್ಡ್ಸ್ ಟೌನ್‌ನಲ್ಲಿ ಹಳೆಯ ಬಂಗಲೆಗಳ ನಡುವೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಹಿರಿಯರಿಬ್ಬರೇ ಎನ್ನುವ ಕುಟುಂಬಗಳು ಇಂಥ ಬಡಾವಣೆಗಳಲ್ಲಿ ಹೊಸತಲ್ಲ. ಅಡುಗೆಯವರು, ಡ್ರೈವರ್, ರಾತ್ರಿ ನೋಡಿಕೊಳ್ಳುವವರು, ವಾಚ್‌ಮನ್ ಎಂದು ದಿನಕ್ಕೆ ನಾಲ್ಕೈದು ಮಂದಿ ಬಂದುಹೋಗುತ್ತಾರೆ. ಸಮೀಪದ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ, ಬಂಗಾರದ ಅಂಗಡಿಗಳಲ್ಲಂತೂ ಗಲ್ಲಾಪೆಟ್ಟಿಗೆಯೂ ಬೀಗದ ಕೈಯೂ ನೌಕರರ ಕೈಯಲ್ಲೇ ಇರುತ್ತವೆ. ಆದರೂ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಯಾರ ಕಡೆಯವರು?"

ಈ ಪ್ರಶ್ನೆ ನಿರರ್ಥಕವಲ್ಲ. ಆದರೆ ಶಿಫಾರಸು ಮಾಡಿದವರಿಗೆ ಎಷ್ಟೋ ಸಲ ಆ ವ್ಯಕ್ತಿಯ ಮುಖಪರಿಚಯ ಮಾತ್ರ ಇರುತ್ತದೆ. ಇನ್ನು ಕೆಲವರು ಅನುಮಾನದ ಮೇಲೆ ಕೆಲಸದಿಂದ ಬಿಡಿಸಿದವರ ಬಗ್ಗೆಯೂ "ಒಳ್ಳೆಯವನೇ, ಊರಿಗೆ ಹೋಗಬೇಕೆಂದು ಬಿಟ್ಟ" ಎಂದುಬಿಡುತ್ತಾರೆ. ಇದನ್ನು ದಾಕ್ಷಿಣ್ಯ ಎನ್ನುವುದು ಸರಿಯಲ್ಲ. ಒಂದು ಮನೆಯ ತೊಂದರೆಯನ್ನು ಇನ್ನೊಂದು ಮನೆಗೆ ದಾಟಿಸಿದಂತಾಯಿತು, ಅಷ್ಟೆ.

ದಿಗಂಬರ, ಶ್ವೇತಾಂಬರ ಇಬ್ಬರಿಗೂ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸುಳ್ಳು ದಾಖಲೆ ಸೃಷ್ಟಿಸುವ ಕೂಟಲೇಖಕ್ರಿಯೆ, ನಂಬಿ ಇಟ್ಟದ್ದನ್ನು ನುಂಗಿಹಾಕುವ ನ್ಯಾಸಾಪಹಾರ ಎರಡೂ ಅದರಲ್ಲಿವೆ. ನಕಲಿ ಅಂಕಪಟ್ಟಿ, ಗಲ್ಲಾಪೆಟ್ಟಿಗೆಯ ದುರುಪಯೋಗ ಎಂದು ಇಂದಿನ ಮಾತಿನಲ್ಲಿ ಹೇಳಬಹುದು. ಆದರೆ ಇನ್ನೊಬ್ಬರ ಏಕಾಂತದ ಸಂಗತಿಯನ್ನು ಬಯಲು ಮಾಡುವ ರಹೋಭ್ಯಾಖ್ಯಾನವೂ, ಊಹಿಸಿ ತಿಳಿದ ಗುಟ್ಟನ್ನು ಹೊರಹಾಕುವ ಸಾಕಾರಮಂತ್ರಭೇದವೂ ಅದೇ ಪಟ್ಟಿಯಲ್ಲಿವೆ. ಮೊದಲ ಎರಡು ಕೆಲಸ ಕೇಳಿಕೊಂಡು ಬಂದವರು ಮಾಡಬಹುದಾದ ತಪ್ಪು. ಕೊನೆಯ ಎರಡು ವಿಚಾರಣೆ ನಡೆಸುವವರೇ ಮಾಡಬಹುದಾದ ತಪ್ಪು. ಯಜಮಾನರು ಮರೆಯುವುದು ಹೆಚ್ಚಾಗಿ ಇದನ್ನೇ.

ವಿಚಾರಣೆಯ ಕ್ರಮ ಕಷ್ಟದ್ದೇನಲ್ಲ. ಅಭ್ಯರ್ಥಿಗೆ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಆಧಾರ್‌ನ ನೆರಳಚ್ಚು ಪ್ರತಿ ಇಟ್ಟುಕೊಂಡ ಮಾತ್ರಕ್ಕೆ ಪರಿಶೀಲನೆ ಆಗಲಿಲ್ಲ. ಕಾರ್ಡಿನ ಕ್ಯೂಆರ್ ಕೋಡ್ ಅನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಇದ್ದವರು ತಾವೇ ಲಾಗಿನ್ ಆಗಿ ಹಿಂದೆ ಎಲ್ಲೆಲ್ಲಿ ಎಷ್ಟು ಕಾಲ ದುಡಿದರು ಎಂಬುದನ್ನು ತೋರಿಸಬಹುದು. ಹಳೆಯ ಯಜಮಾನರಿಗೆ ಫೋನ್ ಮಾಡುವಾಗ "ಹೇಗಿದ್ದ?" ಎಂದು ಕೇಳುವುದಕ್ಕಿಂತ "ಮತ್ತೆ ಕೆಲಸ ಕೊಡುತ್ತೀರಾ?" ಎಂದು ಕೇಳಿದರೆ ಉತ್ತರ ನೇರವಾಗಿ ಬರುತ್ತದೆ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪರಿಚಯದ ಪೊಲೀಸರಿಂದ ಗುಟ್ಟಾಗಿ ಕೇಳಿಸುವುದು ಸರಿಯಾದ ದಾರಿಯಲ್ಲ. ವಾಚ್‌ಮನ್ ಏಜೆನ್ಸಿಯಿಂದ ಬಂದವನಾದರೆ ಅವನ ಪೂರ್ವಾಪರ ಪರಿಶೀಲಿಸುವುದು ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಂತೆ ಏಜೆನ್ಸಿಯದೇ ಹೊಣೆ. ಆ ದಾಖಲೆಯನ್ನು ಕೇಳಿ ನೋಡಬೇಕು.

ಸಮಾಜದ ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಇದನ್ನು ಬಿಡುವಂತೆಯೇ ಇಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರ ಪುಟ್ಟ ಬಾಲಕಿಯ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣ ನಗರವನ್ನೇ ಬೀದಿಗಿಳಿಸಿತು. ಆಮೇಲೆ ನಗರ ಪೊಲೀಸರು ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆಯೂ ಸೇರಿತ್ತು.

ಹಾಗೆಂದು ವಿಚಾರಣೆ ಮುಗಿದರೆ ಭಯ ಮುಗಿಯಿತು ಎನ್ನುವಂತಿಲ್ಲ. 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಎಟಿಎಂಗೆ ಹಣ ಒಯ್ಯುತ್ತಿದ್ದ ವಾಹನದಿಂದ 7.11 ಕೋಟಿ ರೂಪಾಯಿ ದರೋಡೆಯಾಯಿತು. ಬಂಧಿತರಲ್ಲಿ ಹಣ ಸಾಗಿಸುವ ಸಂಸ್ಥೆಯ ಮಾಜಿ ನೌಕರ ಒಬ್ಬ, ಸೇವೆಯಲ್ಲಿದ್ದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬ. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ; ಆದರೆ ಕೆಲಸ ಬಿಟ್ಟುಹೋದವರ ತಲೆಯಲ್ಲಿ ಒಳಗಿನ ಮಾಹಿತಿ ಉಳಿದಿರುತ್ತದೆ ಎಂಬುದು ಅಂಗಡಿಯವರು ಗಮನಿಸಬೇಕಾದ ಸಂಗತಿ. ನೌಕರ ಬಿಟ್ಟ ದಿನವೇ ಬೀಗ, ಪಾಸ್‌ವರ್ಡ್ ಬದಲಿಸಬೇಕು.

ಯಾರ ಮೇಲಾದರೂ ಹಳೆಯ ಪ್ರಕರಣವಿದ್ದರೆ ತಕ್ಷಣ ಬಾಗಿಲು ಮುಚ್ಚಬೇಕಿಲ್ಲ. ದೂರು ದಾಖಲಾದದ್ದು ಬೇರೆ, ಶಿಕ್ಷೆಯಾದದ್ದು ಬೇರೆ. ಸರ್ಕಾರಿ ನೌಕರಿಯ ವಿಷಯದಲ್ಲೂ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಎಳೆವಯಸ್ಸಿನ ಕ್ಷುಲ್ಲಕ ಅಪರಾಧವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತ ಅದನ್ನು ಮನ್ನಿಸಬಹುದು ಎಂದಿದೆ. ಡ್ರೈವರ್‌ಗೆ ಲೈಸೆನ್ಸ್ ಮುಖ್ಯ, ಕ್ಯಾಷಿಯರ್‌ಗೆ ಹಣದ ವ್ಯವಹಾರ ಮುಖ್ಯ. ಇಬ್ಬರ ಸಂಸಾರದ ಜಗಳವೂ ಯಜಮಾನರಿಗೆ ಬೇಡದ್ದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಪಡೆದ ಮಾಹಿತಿಯನ್ನು ಪಡೆದ ಉದ್ದೇಶಕ್ಕಷ್ಟೇ ಬಳಸಬೇಕು. ಕೆಲಸ ಸಿಗದವರ ದಾಖಲೆಗಳನ್ನು ಹಿಂದಿರುಗಿಸಬೇಕು, ಮೊಬೈಲಿನಲ್ಲಿ ತೆಗೆದ ಫೋಟೋ ಅಳಿಸಬೇಕು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ "ಇವನನ್ನು ಸೇರಿಸಬೇಡಿ" ಎಂದು ಆಧಾರ್ ಸಮೇತ ಹಾಕುವ ಅಭ್ಯಾಸವಂತೂ ಕೂಡಲೇ ನಿಲ್ಲಬೇಕು. ಕಳವಾಗಿದ್ದರೆ ಠಾಣೆಗೆ ದೂರು ಕೊಡಬೇಕು. ಮುಂದಿನ ಯಜಮಾನರು ಫೋನ್ ಮಾಡಿ ಕೇಳಿದಾಗ, ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು.