ಕೈದೀಪದ ಗುಂಡಿಯೂ ಬೆಳಕಿನ ತರತಮವೂ

ಕೈಯಲ್ಲಿ ಹಿಡಿದು ನಡೆಯುವ ವಿದ್ಯುದ್ದೀಪಕ್ಕೆ ಬೆಂಗಳೂರಿನ ಪಡುವಣ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ‘ಟಾರ್ಚು’ ಎಂದು ಹೆಸರು. ಕೆಂಗೇರಿಯಿಂದಾಚೆಯ ಹಳ್ಳಿಗಳಲ್ಲಿ ಇದೇ ವಸ್ತುವನ್ನು ‘ಬ್ಯಾಟರಿ’ ಎನ್ನುವವರೂ ಉಂಟು. ಮಳೆಗಾಲದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋದಾಗ ಮನೆಯವರು ಮೊದಲು ತಡಕುವುದು ಇದನ್ನೇ. ತಡಕಿದ ಕೈಗೆ ಟಾರ್ಚು ಸಿಕ್ಕಿದರೂ ಗುಂಡಿ ಸಿಕ್ಕುವುದಿಲ್ಲ, ಗುಂಡಿ ಸಿಕ್ಕಿದರೂ ಬೇಕಾದಷ್ಟು ಬೆಳಕು ಬರುವುದಿಲ್ಲವೆಂಬ ದೂರು ಹೊಸ ಬಗೆಯ ಟಾರ್ಚುಗಳು ಬಂದಮೇಲೆ ಕೇಳಿಬರುವುದು ಹೆಚ್ಚಾಗಿದೆ. ಸಾಹಿತ್ಯವಿಚಾರದ ಪುಟಗಳಲ್ಲಿ ಟಾರ್ಚಿನ ಗುಂಡಿಗೇನು ಕೆಲಸವೆಂದು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿಷ್ಟೆ: ಬಳಸುವವನ ಮತವು ಶಬ್ದದ ಮೂಲಕವಲ್ಲದೆ ಹೊರಗೆ ಬಾರದು, ಶಬ್ದವು ಮೊಂಡಾದರೆ ಮತವೂ ಮೊಂಡಾಗುತ್ತದೆ. ಪ್ರಕೃತದಲ್ಲಿ ‘ಡಿಮ್ಮು’ ಎಂಬ ಒಂದು ಮಾತು ಕನ್ನಡವು ಹಿಂದಿನಿಂದಲೂ ಬೇರ್ಪಡಿಸಿ ಇಟ್ಟಿದ್ದ ಎರಡು ಅರ್ಥಗಳನ್ನು ಒಟ್ಟಿಗೆ ನುಂಗಿಬಿಟ್ಟಿದೆ. ಅದು ಹೇಗಾಯಿತೆಂಬುದನ್ನು ಕಾಣಬೇಕಾದರೆ ದೀಪವನ್ನು ಆಳುವ ಕ್ರಿಯೆಗಳನ್ನು ಮೊದಲಿನಿಂದ ನೋಡಬೇಕು.

ಹೆಸರಿನ ಮಾತು ಮೊದಲು. ಇಂಗ್ಲಿಷಿನಲ್ಲಿ ‘ಟಾರ್ಚ್’ ಎಂದರೆ ಉರಿಯುವ ಪಂಜು. ಆ ಹಳೆಯ ಶಬ್ದವನ್ನೇ ಅವರು ವಿದ್ಯುತ್ತಿನ ಕೈದೀಪಕ್ಕೂ ಹೊದಿಸಿದರು. ಕನ್ನಡದಲ್ಲಿ ಪಂಜು ಇತ್ತು, ಸಂಸ್ಕೃತದ ದೀಪವರ್ತಿಕೆಯಿಂದ ಇಳಿದ ದೀವಟಿಗೆ ಇತ್ತು, ಹಳಗನ್ನಡದ ಸೊಡರೂ ಇತ್ತು. ಆದರೆ ಟಾರ್ಚನ್ನು ಪಂಜೆಂದು ಕರೆಯಲು ಯಾರ ನಾಲಗೆಯೂ ಒಪ್ಪಲಿಲ್ಲ. ಇದು ಭಾಷೆಯ ದಾರಿದ್ರ್ಯವಲ್ಲ. ಪಂಜಿಗೂ ದೀವಟಿಗೆಗೂ ಉರಿಯು ಅವಿನಾಭಾವಿಯಾದುದು, ಉರಿಯಿಲ್ಲದ ವಸ್ತುವಿಗೆ ಆ ಹೆಸರು ಕೂಡದೆಂದು ಜನರು ಬಗೆದರೆಂದೇ ತಿಳಿಯಬೇಕು. ಹಳ್ಳಿಯವರು ಒಳಗಿನ ಶಕ್ತಿಯ ಹೆಸರನ್ನೇ ಇಡೀ ವಸ್ತುವಿಗೆ ಕೊಟ್ಟು ‘ಬ್ಯಾಟರಿ ಹಾಕು’ ಎಂದರು. ಇದು ಲಕ್ಷಣಾವೃತ್ತಿಗೆ ಪಾಠಶಾಲೆಯಲ್ಲಿ ಹೇಳುವ ಉದಾಹರಣೆಗಳಿಗಿಂತ ಕಡಮೆಯದೇನಲ್ಲ.

ಇನ್ನು ಕ್ರಿಯೆ. ಎಣ್ಣೆಯ ದೀಪದಲ್ಲಿ ಬೆಳಕಿನ ಅಳತೆಯೆಲ್ಲವೂ ಬತ್ತಿಯ ತುದಿಯಲ್ಲಿತ್ತು. ಕುಡಿಯನ್ನು ಮುಂದಕ್ಕೆ ಸರಿಸಿದರೆ ಬೆಳಕು ಹೆಚ್ಚು, ಹಿಂದಕ್ಕೆಳೆದರೆ ಕಡಮೆ. ಸೀಮೆಎಣ್ಣೆಯ ಲಾಂದ್ರ ಬಂದಾಗ ಈ ಕೆಲಸವು ಪಕ್ಕದ ಪುಟ್ಟ ತಿರುಪಿಗೆ ಬಂದಿತು. ‘ದೊಡ್ಡದು ಮಾಡು’, ‘ಸಣ್ಣದು ಮಾಡು’ ಎಂಬ ಮಾತುಗಳು ಮನೆಮನೆಯಲ್ಲಿ ನಿಂತುವು. ಮಗು ಮಲಗಿರುವ ಕೋಣೆಯಲ್ಲಿ ದೀಪವನ್ನು ಸಣ್ಣದು ಮಾಡುವುದೆಂದರೆ ಎಷ್ಟು ಸಣ್ಣದೆಂಬುದನ್ನು ಬೆರಳೇ ನಿರ್ಣಯಿಸುತ್ತಿತ್ತು, ನಡುವೆ ಮೆಟ್ಟಿಲುಗಳಿರಲಿಲ್ಲ. ಆರಿಸುವ ಮಾತಿನಲ್ಲಿಯೂ ಸೂಕ್ಷ್ಮವಿತ್ತು. ‘ಆಱು’ ಎಂಬ ಹಳೆಯ ಧಾತುವಿಗೆ ತಣಿಯುವುದು, ಒಣಗುವುದು, ಉರಿ ಅಡಗುವುದು ಎಂಬ ಅರ್ಥಗಳೆಲ್ಲವೂ ಉಂಟು. ‘ನಂದು’ ಎಂಬುದಕ್ಕೆ ಅಡಗುವುದೇ ಅರ್ಥ. ದೇವರ ಮುಂದಿನ ದೀಪಕ್ಕೆ ಇವೆರಡನ್ನೂ ಆಡಲು ಅಂಜಿ ‘ಶಾಂತ ಮಾಡು’ ಎನ್ನುವ ಮನೆಗಳು ಈಗಲೂ ಇವೆ. ಟಾರ್ಚನ್ನು ಆರಿಸೆಂದು ಹೇಳುವಾಗ ಮಾತ್ರ ಅಂಜುವವರಿಲ್ಲ.

ವಿದ್ಯುತ್ತು ಈ ನಗರಕ್ಕೆ ಬಂದುದು ಶಿವನಸಮುದ್ರದಿಂದ. 1905ರ ಆಗಸ್ಟ್ 5ರಂದು ಇಲ್ಲಿಯ ಬೀದಿದೀಪಗಳು ವಿದ್ಯುತ್ತಿನಿಂದ ಬೆಳಗಿದುವು. ಗೋಡೆಯ ಸ್ವಿಚ್ಚು ಬೆಳಕನ್ನು ಉಂಟು ಇಲ್ಲ ಎಂಬ ಎರಡೇ ಕೋಟಿಗಳಿಗೆ ಇಳಿಸಿತು. ಕೈದೀಪದ ಕಥೆ ಇದಕ್ಕೆ ಸ್ವಲ್ಪ ಹಿಂದಿನದು. ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ 1899ರ ಜನವರಿ 10ರಂದು ಇದರ ಹಕ್ಕುಪತ್ರ ದೊರೆಯಿತು. ಆ ಕಾಲದ ಸೆಲ್ಲುಗಳು ಬಲು ದುರ್ಬಲವಾದುವು. ಕ್ಷಣಕಾಲ ಬೆಳಗಿಸಿ ಬಿಡುವು ಕೊಡಬೇಕಾಗಿತ್ತು. ಅಮೆರಿಕದವರು ಇದನ್ನು ‘ಫ್ಲ್ಯಾಶ್‌ಲೈಟ್’, ಎಂದರೆ ಮಿಂಚಿ ಮಾಯವಾಗುವ ದೀಪವೆಂದು ಕರೆದುದಕ್ಕೆ ಇದೇ ಕಾರಣ. ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯನ್ನು ರಾಜಮಾರ್ಗದಲ್ಲಿ ಸಾಗುವ ದೀಪಶಿಖೆಗೆ ಹೋಲಿಸಿದ ಕವಿಗೆ, ದಾಟಿಹೋದ ಮನೆಯನ್ನು ಮತ್ತೆ ಕತ್ತಲೆಗೆ ಬಿಡುವ ಚರದೀಪದ ಗುಣ ಚೆನ್ನಾಗಿ ತಿಳಿದಿತ್ತು. ಟಾರ್ಚಿನ ಸ್ವಭಾವವನ್ನು ಅದಕ್ಕಿಂತ ಸರಿಯಾಗಿ ಹೇಳಿದವರಿಲ್ಲ.

ನಮ್ಮಲ್ಲಿ ಬಹುಕಾಲ ನಡೆದ ಹಿತ್ತಾಳೆಯ ಮತ್ತು ತಗಡಿನ ಟಾರ್ಚುಗಳಲ್ಲಿ ಗುಂಡಿಯು ಒಡಲಿನ ಪಕ್ಕದಲ್ಲಿತ್ತು. ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಬೆಳಗುವುದು, ಹಿಂದಕ್ಕೆಳೆದರೆ ಆರುವುದು. ಅನೇಕ ಟಾರ್ಚುಗಳಲ್ಲಿ ಇವೆರಡರ ನಡುವೆ ಇನ್ನೊಂದು ನೆಲೆಯಿತ್ತು. ತಳ್ಳುಗುಂಡಿಯನ್ನು ಅಲ್ಲಿ ನಿಲ್ಲಿಸಿ, ಅದರ ಜೊತೆಗಿರುವ ಪುಟ್ಟ ಒತ್ತುಗುಂಡಿಯನ್ನು ಅದುಮಿದಷ್ಟು ಹೊತ್ತು ಮಾತ್ರ ಬೆಳಕು ಬರುವುದು. ದೂರದವನಿಗೆ ಸಂಜ್ಞೆ ಮಾಡಲು ಇದು ಉಪಯೋಗ. ಹಳೆಯ ಬಳಕೆದಾರರು ಇಂದಿಗೂ ಈ ತಳ್ಳುಗುಂಡಿಯನ್ನು ಮೆಚ್ಚಿ ಆಡುವುದುಂಟು. ಮೆಚ್ಚಿಕೆಗೆ ಕಾರಣವನ್ನು ಕೇಳಿದರೆ ಗಟ್ಟಿಮುಟ್ಟು ಎನ್ನುತ್ತಾರೆ. ಅದು ಪೂರ್ಣವಾದ ಉತ್ತರವಲ್ಲ. ನಿಜವಾದ ಕಾರಣವು ಸ್ಪರ್ಶದಲ್ಲಿದೆ. ಗುಂಡಿಯು ಮುಂದಿದೆಯೋ ಹಿಂದಿದೆಯೋ ಎಂಬುದು ಕತ್ತಲೆಯಲ್ಲಿಯೂ ಬೆರಳಿಗೆ ತಿಳಿಯುತ್ತದೆ. ಆದಕಾರಣ ದೀಪವು ಬೆಳಗುವ ಮೊದಲೇ ಅದರ ಸ್ಥಿತಿಯನ್ನು ಅರಿಯಬಹುದು. ಸೆಲ್ಲು ಸತ್ತಿದೆಯೋ ಗುಂಡಿ ಹಿಂದಿದೆಯೋ ಎಂಬ ಸಂಶಯಕ್ಕೆ ಅಲ್ಲಿ ಎಡೆಯಿಲ್ಲ.

ಈ ಟಾರ್ಚುಗಳಲ್ಲಿ ಬೆಳಕನ್ನು ಸಣ್ಣದು ಮಾಡುವ ಉಪಾಯವೇ ಇರಲಿಲ್ಲ. ತಲೆಯನ್ನು ತಿರುಪಿ ಬೆಳಕನ್ನು ಹರಡಬಹುದು ಅಥವಾ ಕೂಡಿಸಬಹುದು, ಕಡಮೆ ಮಾಡಲಾಗದು. ಆದರೂ ಅದು ತಾನಾಗಿ ಕಡಮೆಯಾಗುತ್ತಿತ್ತು. ಒಂದೊಂದು ಸೆಲ್ಲಿನ ಒತ್ತಡವು ಹೊಸದರಲ್ಲಿ ಸುಮಾರು 1.5 ವೋಲ್ಟು, ಅದು ಬಳಕೆಯಿಂದ ಇಳಿದಂತೆ ಬಲ್ಬಿನ ತಂತಿಯು ಬಿಳುಪಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ತಿರುಗುವುದು. ರಾಜಾಜಿನಗರಕ್ಕೆ ಅನತಿದೂರದಲ್ಲಿ 1936ರಲ್ಲಿ ಹುಟ್ಟಿ, ಈಗ ಕೆಲಸ ನಿಲ್ಲಿಸಿರುವ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಮನೆಬಲ್ಬುಗಳೂ ಇಂಥ ತಂತಿಯವೇ ಆದುದರಿಂದ, ವೋಲ್ಟೇಜು ಕುಸಿದ ಸಂಜೆಗಳಲ್ಲಿ ಅವೂ ಹೀಗೆಯೇ ಕೆಂಪೇರುತ್ತಿದ್ದುದನ್ನು ಹಿರಿಯರು ಬಲ್ಲರು. ಇದಕ್ಕೆ ಕನ್ನಡದ ಮಾತು ‘ಮಂಕಾಗು’. ದೀಪ ಮಂಕಾಯಿತೆಂದರೆ ಮಾಡಿದವನು ಯಾರೂ ಇಲ್ಲ, ಕ್ರಿಯೆ ಅಕರ್ಮಕ. ಸಣ್ಣದು ಮಾಡಿದರೆಂದರೆ ಮಾಡಿದವನೊಬ್ಬನಿದ್ದಾನೆ, ಕ್ರಿಯೆ ಸಕರ್ಮಕ. ಒಂದು ದೋಷ, ಇನ್ನೊಂದು ಇಚ್ಛೆ. ಮಂಕಾದ ಟಾರ್ಚನ್ನು ಅಂಗೈಗೆ ತಟ್ಟುವ, ಸೆಲ್ಲುಗಳನ್ನು ಬಿಸಿಲಿಗಿಡುವ ವಾಡಿಕೆಗಳು ಈ ದೋಷಜ್ಞಾನದಿಂದ ಹುಟ್ಟಿದುವು. ಬೆಳಕಿನ ಇಳಿತವು ಬಳಸುವವನಿಗೆ ಸಾಕಷ್ಟು ಮುಂಚೆಯೇ ಬಂದ ಎಚ್ಚರಿಕೆಯಾಗಿತ್ತು.

ಎಲ್‌ಇಡಿ ಬಂದಮೇಲೆ ಈ ಎರಡೂ ಕೆಟ್ಟುವು. ಅದರಲ್ಲಿ ಕಾಯುವ ತಂತಿಯಿಲ್ಲ. ಬೆಳಕನ್ನು ಕಡಮೆ ಮಾಡಲು ಅನೇಕ ಟಾರ್ಚುಗಳಲ್ಲಿ ಅನುಸರಿಸುವ ಉಪಾಯವು ವಿಚಿತ್ರವಾದುದು: ವಿದ್ಯುತ್ಪ್ರವಾಹವನ್ನು ಸೆಕೆಂಡಿಗೆ ನೂರಾರು ಸಾರಿ, ಕೆಲವೆಡೆ ಸಾವಿರಾರು ಸಾರಿ ಕಡಿದು ಕೂಡಿಸುತ್ತಾರೆ. ಕೂಡಿರುವ ಕಾಲಕ್ಕಿಂತ ಕಡಿದಿರುವ ಕಾಲ ಹೆಚ್ಚಾದಷ್ಟೂ ಬೆಳಕು ಮಂದವಾಗಿ ತೋರುತ್ತದೆ. ಮಿನುಗು ಕಣ್ಣಿಗೆ ಗೋಚರವಾಗದು. ಕೊಳ್ಳಿಯನ್ನು ವೇಗವಾಗಿ ತಿರುಗಿಸಿದರೆ ಬೆಂಕಿಯ ಬಳೆಯು ಕಾಣುವುದೆಂಬ ಅಲಾತಚಕ್ರದ ದೃಷ್ಟಾಂತವನ್ನು ನ್ಯಾಯಸೂತ್ರವು ಶೀಘ್ರಸಂಚಾರದಿಂದ ವಿವರಿಸುತ್ತದೆ. ಗೌಡಪಾದರ ಕಾರಿಕೆಗಳ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂದೇ ಹೆಸರು. ಅಂದಿನ ಕೊಳ್ಳಿಯ ದೃಷ್ಟಾಂತವು ಇಂದಿನ ಕೈದೀಪಕ್ಕೆ ಹೀಗೆ ಅಕ್ಷರಶಃ ಹೊಂದಿಕೊಂಡಿದೆ.

ಉಪಾಯವು ಸೊಗಸಾದುದೇ, ತೊಡಕಿರುವುದು ಅದನ್ನು ಆಳುವ ಗುಂಡಿಯಲ್ಲಿ. ಅಗ್ಗದ ಟಾರ್ಚುಗಳಲ್ಲಿ ಒಂದೇ ಗುಂಡಿ. ಮೊದಲ ಒತ್ತಿಗೆ ಪ್ರಖರ, ಎರಡನೆಯದಕ್ಕೆ ಮಂದ, ಮೂರನೆಯದಕ್ಕೆ ಮಿಣುಕು, ನಾಲ್ಕನೆಯದಕ್ಕೆ ಕತ್ತಲೆ. ಲಾಂದ್ರದ ತಿರುಪಿನಲ್ಲಿ ಬೆರಳು ಅಳೆಯುತ್ತಿದ್ದುದನ್ನು ಇಲ್ಲಿ ಮನಸ್ಸು ಎಣಿಸಬೇಕು. ಆರಿಸಬೇಕೆಂದರೆ ಮಿಣುಕನ್ನು ದಾಟಿಯೇ ಹೋಗಬೇಕು. ನಡುರಾತ್ರಿಯಲ್ಲಿ ಎದ್ದ ವೃದ್ಧೆಯೊಬ್ಬಳು ಮಲಗಿರುವವರ ಮುಖದ ಮೇಲೆ ಮಿಂಚು ಹೊಡೆಯದೆ ದೀಪವನ್ನು ಆರಿಸಲಾರಳು. ಮನೆಯವರು ಈ ಮಿಣುಕನ್ನು ಏತಕ್ಕೆ ಇಟ್ಟಿದ್ದಾರೆಂದು ಕೇಳುವುದು ಸಹಜ. ಕೆಲವು ಟಾರ್ಚುಗಳಲ್ಲಿ ಮೂರು ಹ್ರಸ್ವ, ಮೂರು ದೀರ್ಘ, ಮತ್ತೆ ಮೂರು ಹ್ರಸ್ವ ಮಿಂಚುಗಳಿಂದ ಕೂಡಿದ ಆಪತ್ಸಂಜ್ಞೆಯೂ ಇರುತ್ತದೆ. ಸಮುದ್ರಯಾನದವರಿಗೆ ಅದು ಪ್ರಾಣರಕ್ಷಕ, ವಿಜಯನಗರದ ಅಡಿಗೆಮನೆಯಲ್ಲಿ ಉಪದ್ರವ.

ಯಾವ ಬೆಳಕು ಮೊದಲು ಬರಬೇಕೆಂಬುದರಲ್ಲಿ ಬಳಸುವವರು ಎರಡು ಪಕ್ಷವಾಗಿದ್ದಾರೆ. ರಾತ್ರಿಯ ಕಾವಲುಗಾರರೂ, ಕೆಂಗೇರಿಯಾಚೆ ಹೊತ್ತಲ್ಲದ ಹೊತ್ತಿನಲ್ಲಿ ಪಂಪಿನ ಮನೆಗೆ ಹೋಗುವ ರೈತರೂ ಪ್ರಖರವೇ ಮೊದಲೆನ್ನುವರು. ಕಾಲಿನ ಮುಂದೆ ಸರಿದುದು ಹಗ್ಗವೋ ಹಾವೋ ಎಂಬ ನಿರ್ಣಯವು ಎರಡನೆಯ ಒತ್ತಿಗೆ ಕಾಯಲಾರದು. ವೇದಾಂತಿಗಳ ರಜ್ಜುಸರ್ಪವು ಅವರಿಗೆ ದೃಷ್ಟಾಂತವಲ್ಲ, ದಿನದ ವ್ಯವಹಾರ. ಮನೆಯೊಳಗೆ ಬಳಸುವವರು ಮಂದವೇ ಮೊದಲೆನ್ನುವರು. ಇವರ ಪಕ್ಷಕ್ಕೆ ದೇಹಶಾಸ್ತ್ರದ ಬಲವಿದೆ: ಕತ್ತಲೆಗೆ ಕಣ್ಣು ಪೂರ್ತಿಯಾಗಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷಗಳೇ ಬೇಕು, ಒಂದು ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಗಾಯಕನು ತಾರಸ್ಥಾಯಿಯಿಂದ ಆಲಾಪನೆಯನ್ನು ತೊಡಗುವುದಿಲ್ಲವಷ್ಟೆ. ಎರಡು ಪಕ್ಷಗಳೂ ತಮ್ಮ ತಮ್ಮ ವಿಷಯದಲ್ಲಿ ಪ್ರಮಾಣವೇ ಆದುದರಿಂದ ಒಂದನ್ನು ಖಂಡಿಸಿ ಇನ್ನೊಂದನ್ನು ಸ್ಥಾಪಿಸುವುದು ವ್ಯರ್ಥ. ಕೊನೆಗೆ ಬಳಸಿದ ತರತಮವನ್ನೇ ನೆನಪಿಟ್ಟು ಮುಂದಿನ ಸಾರಿ ಅದನ್ನೇ ತೋರುವ ಟಾರ್ಚುಗಳೂ ಇವೆ. ಅವು ಒಬ್ಬನೇ ಬಳಸುವಾಗ ಅನುಕೂಲ. ಮನೆಯವರೆಲ್ಲರೂ ಬಳಸುವ ಟಾರ್ಚಿನಲ್ಲಿ ಅದು ಹಿಂದಿನವನ ನೆನಪೇ ಹೊರತು ಹಿಡಿದವನದಲ್ಲ. ಮೊಬೈಲಿನ ದೀಪದಲ್ಲಿ, 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ, ಯಂತ್ರವು ಅನುಕೂಲಿಸಿದರೆ ಬೆಳಕನ್ನು ಹೆಚ್ಚುಕಡಮೆ ಮಾಡುವ ವ್ಯವಸ್ಥೆಗೆ ದಾರಿಯಾಗಿದೆ. ಲಾಂದ್ರದ ತಿರುಪು ಈ ರೂಪದಲ್ಲಿ ಮರಳಿತೆನ್ನಬಹುದು. ಆದರೆ ಸಣ್ಣ ಬೆಳಕನ್ನು ಪಡೆಯಲು ಮೊದಲು ಹೊಳೆಯುವ ಗಾಜನ್ನು ನೋಡಬೇಕಾಗಿರುವುದು ಒಂದು ವಿಪರ್ಯಾಸ.

ಇನ್ನು ‘ಡಿಮ್ಮು’. ವಾಹನ ನಡೆಸುವವರ ಬಾಯಿಂದ ಹರಡಿದ ಈ ಮಾತು ಈಗ ಮಂಕಿಗೂ ಸಣ್ಣದಕ್ಕೂ ಒಂದೇ. ‘ಟಾರ್ಚು ಡಿಮ್ಮಾಗಿದೆ’ ಎಂದು ರಿಪೇರಿಯ ಅಂಗಡಿಗೆ ತಂದವನ ಟಾರ್ಚಿನಲ್ಲಿ ಸೆಲ್ಲು ಇಳಿದಿರಬಹುದು. ಗುಂಡಿಯು ಎರಡನೆಯ ತರದಲ್ಲಿ ನಿಂತಿರಲೂಬಹುದು. ಒಳಗಿನ ಯಂತ್ರವು ಬೆಳಕನ್ನು ಒಂದೇ ಸಮನಾಗಿ ಕಾಯುವ ಬಗೆಯದಾದರೆ ಸೆಲ್ಲು ಇಳಿಯುತ್ತಿರುವುದು ಹೊರಗೆ ತೋರುವುದೇ ಇಲ್ಲ. ಕೊನೆಯಲ್ಲಿ ಥಟ್ಟನೆ ತಗ್ಗುತ್ತದೆ, ಆಗ ಅದನ್ನು ತಾನೇ ಗುಂಡಿ ತಾಕಿಸಿದೆನೆಂದು ಬಳಸುವವನು ಭ್ರಮಿಸುತ್ತಾನೆ. ದೋಷವನ್ನು ಇಚ್ಛೆಯೆಂದೂ ಇಚ್ಛೆಯನ್ನು ದೋಷವೆಂದೂ ತಿಳಿಯುವ ಈ ವಿಪರ್ಯಯಕ್ಕೆ ಯಂತ್ರದಷ್ಟೇ ಶಬ್ದವೂ ಕಾರಣ. ತಾನಾಗಿ ಇಳಿದುದಕ್ಕೆ ಮಂಕು, ಬೇಕೆಂದು ಇಳಿಸಿದುದಕ್ಕೆ ಮಂದ ಎಂದು ನಿಯಮಿಸಿದರೆ ತೊಡಕು ಬಿಡುತ್ತದೆ. ಎರಡೂ ಮಕ್ಕಳಿಗೂ ತಿಳಿದ ಮಾತುಗಳೇ. ಮೇಲಿನ ತರಗಳಿಗೆ ಮಧ್ಯಮ, ಪ್ರಖರ ಎನ್ನಬಹುದು.

ಬೆರಳಿನ ಕ್ರಿಯೆಗಳಲ್ಲಿಯೂ ಇಂಥದೇ ವಿವೇಕ ಬೇಕು. ಬಳಕೆಯ ಸೂಚನೆಗಳಲ್ಲಿ ‘ಗುಂಡಿಯನ್ನು ಒತ್ತಿ’ ಎಂಬ ಒಂದೇ ವಾಕ್ಯವು ಎಲ್ಲಕ್ಕೂ ಸಲ್ಲುತ್ತದೆ. ಕ್ಷಣದಲ್ಲಿ ಮುಗಿಯುವುದು ಒತ್ತು. ಬಿಡದೆ ನಿಲ್ಲುವುದು ಅದುಮಿ ಹಿಡಿ. ಸದ್ದಾಗುವ ಮೊದಲೇ ನಿಲ್ಲಿಸುವುದು ಅರೆಯೊತ್ತು. ಟಾರ್ಚಿನ ಬಾಲದಲ್ಲಿರುವ ಗುಂಡಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಅರೆಯೊತ್ತಿದಷ್ಟು ಹೊತ್ತು ಬೆಳಕು ಬಂದು, ಪೂರ್ತಿ ಒತ್ತಿದರೆ ನಿಲ್ಲುವುದು. ಇನ್ನೊಂದರಲ್ಲಿ ಮೊದಲು ಪೂರ್ತಿ ಒತ್ತಿ ಬಿಟ್ಟ ಮೇಲೆಯೇ ಬೆಳಕು, ಆ ಬಳಿಕ ಅರೆಯೊತ್ತಿದರೆ ತರವು ಬದಲಾಗುವುದು. ಈ ಭೇದವನ್ನು ಹೇಳದೆ ಮಾರಿದ ಟಾರ್ಚನ್ನು ಕೊಂಡವನು ಗುಂಡಿ ಕೆಟ್ಟಿದೆಯೆಂದೇ ನಿಶ್ಚಯಿಸುತ್ತಾನೆ. ಮೊದಲನೆಯದು ಹಳೆಯ ಹಿತ್ತಾಳೆ ಟಾರ್ಚಿನ ನಡುನೆಲೆಗೆ ಹತ್ತಿರವಾದುದರಿಂದ ಕಾವಲಿನವರಿಗೆ ಹೆಚ್ಚು ಒಗ್ಗುತ್ತದೆ.

ಗುಂಡಿಯ ತಪ್ಪಿಗೆ ಬೆಲೆ ಅತ್ಯಧಿಕವಾದುದು ರೈಲಿನ ಕೆಲಸದಲ್ಲಿ. ಬೆಂಗಳೂರು–ಮೈಸೂರು ದಾರಿಯ ಕೆಂಗೇರಿಯಂಥ ನಿಲ್ದಾಣಗಳಲ್ಲಿ ರಾತ್ರಿಯ ಸಂಜ್ಞೆಗೆ ಹಿಂದೆ ಬಣ್ಣದ ಗಾಜುಗಳನ್ನು ಒಳಗೆ ತಿರುಗಿಸುವ ಸೀಮೆಎಣ್ಣೆಯ ಕೈಲಾಂದ್ರವಿತ್ತು. ಈಗ ಮೂರು ಬಣ್ಣದ ಎಲ್‌ಇಡಿ ಟಾರ್ಚು. ಕೆಂಪು ನಿಲ್ಲೆಂದು, ಹಸಿರು ಹೊರಡೆಂದು. ಮನೆಯ ಟಾರ್ಚಿನಂತೆ ಬಣ್ಣಗಳನ್ನೂ ಒಂದೇ ಗುಂಡಿಯಿಂದ ಎಣಿಸುತ್ತ ದಾಟುವಂತಿದ್ದರೆ, ಕೆಂಪನ್ನು ತೋರಬೇಕೆಂದು ಒತ್ತಿದವನ ಕೈಯಲ್ಲಿ ಅರೆಕ್ಷಣ ಹಸಿರು ಬೆಳಗಬಹುದು. ದೂರದಲ್ಲಿ ಇಂಜಿನಿನಲ್ಲಿ ನಿಂತು ನೋಡುವವನಿಗೆ ಅದು ಎಣಿಕೆಯ ನಡುವಣ ಮೆಟ್ಟಿಲೆಂದು ತಿಳಿಯುವ ಬಗೆಯಿಲ್ಲ. ಅಲ್ಲಿ ಬೇಕಾದುದು ಬಣ್ಣಬಣ್ಣಕ್ಕೂ ಬೆರಳಿಗೆ ತಿಳಿಯುವ ಬೇರೆಬೇರೆ ನೆಲೆ. ಹಿತ್ತಾಳೆಯ ಟಾರ್ಚಿನ ತಳ್ಳುಗುಂಡಿಯಲ್ಲಿ ಇದ್ದುದೂ, ಮನೆಬಳಕೆಯವರು ಹೆಸರಿಡಲಾರದೆ ಗಟ್ಟಿಮುಟ್ಟೆಂದು ಹೊಗಳುವುದೂ ಅದನ್ನೇ.