ಕೆಲಸ ನಿಲ್ಲಿಸದೆ ನಿಯಮ ತಿದ್ದುವ ಬಗೆ

ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಕಂಪ್ಯೂಟರಿನ ಉದ್ಯೋಗದಲ್ಲಿದ್ದಾರೆ. “ನಡೆಯುತ್ತಿರುವ ಸರ್ವರಿನ ಫೈಲು ತಿದ್ದಬೇಕೆಂದು ಮಗಳು ನಡುರಾತ್ರಿಯ ವರೆಗೂ ಎಚ್ಚರವಿರುತ್ತಾಳೆ, ಅದೇನು ಕೆಲಸ, ಅಮ್ಮನವರೇ?” ಎಂದು ತಾಯಂದಿರು ಕೇಳುವದುಂಟು. ಅವರಿಗಾಗಿ ಈ ಕೆಲವು ಮಾತುಗಳನ್ನು ಬರೆದಿರುತ್ತೇನೆ.

ಕೋಟ್ಯಂತರ ಪುಟಗಳುಳ್ಳ ಗ್ರಂಥಭಂಡಾರದಲ್ಲಿ ಒಂದು ಮಾತನ್ನು ಕ್ಷಣದಲ್ಲಿ ಹುಡುಕಿಕೊಡುವದು ಒಂದೇ ಯಂತ್ರಕ್ಕೆ ಭಾರವಾಗಬಹುದು. ಆದಕಾರಣ ಪದಗಳ ಸೂಚಿಯನ್ನು ಭಾಗಮಾಡಿ ಹಲವು ಯಂತ್ರಗಳಿಗೆ ಹಂಚುತ್ತಾರೆ. 2004ರಲ್ಲಿ ಆರಂಭವಾದ ಸೋಲರ್ ಎಂಬದು ಇಂಥಾ ಕೆಲಸದ ಒಂದು ಸಾಧನ. ಯಂತ್ರಗಳು ಕೂಡಿ ದುಡಿಯುವ ಸೋಲರ್‌ಕ್ಲೌಡ್ ಎಂಬ ಏರ್ಪಾಡು ಅದಕ್ಕೆ 2012ರಲ್ಲಿ ಸೇರಿತು.

ಯಾವ ಪದವನ್ನು ಹೇಗೆ ಓದಬೇಕೆಂಬ ನಿಯಮಗಳು ಕಾನ್ಫಿಗರೇಷನ್ ಫೈಲುಗಳಲ್ಲಿರುತ್ತವೆ. ದೃಷ್ಟಾಂತಕ್ಕೆ, ಮಡಿಕೇರಿಯೂ ಮರ್ಕೆರಾ ಎಂಬದೂ ಒಂದೇ ಊರೆಂದು ಅಲ್ಲಿ ಬರೆಯಬಹುದು. ಆ ಸಾಲು ಇಲ್ಲದಿದ್ದರೆ, ಅಜ್ಜಿ ಕಲಿತ ಶಾಲೆಯನ್ನು ಮಡಿಕೇರಿಯ ಹೆಸರಿನಿಂದ ಹುಡುಕುವ ಮೊಮ್ಮಗಳಿಗೆ, ಮರ್ಕೆರಾ ಎಂದು ಅಚ್ಚಾದ ಪುಟವು ಇದ್ದೂ ಇಲ್ಲದಂತಾಗುವದು.

ಹೊಸಬರು ಒಂದು ಯಂತ್ರದೊಳಗಿನ ಫೈಲನ್ನು ತಿದ್ದಿ, ಫಲ ಕಾಣದೆ ಬೆರಗಾಗುತ್ತಾರೆ. ಯಾಕಂದರೆ ಯಂತ್ರಗಳು ನಿಯಮವನ್ನು ತಮ್ಮಲ್ಲಿಂದ ಓದದೆ, ಝೂಕೀಪರ್ ಎಂಬ ಸಾಮಾನ್ಯ ಭಂಡಾರಿಯಿಂದ ಓದುತ್ತವೆ. ಒಂದೊಂದು ಯಂತ್ರಕ್ಕೆ ಒಂದೊಂದು ನಿಯಮವಿದ್ದರೆ, ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು ಉತ್ತರ, ಸಂಜೆಗೆ ಮತ್ತೊಂದು ಉತ್ತರ ಬಂದೀತು. ಆ ಭಂಡಾರಿಯನ್ನೂ ಸಾಧಾರಣವಾಗಿ ಮೂರು ಅಥವಾ ಐದು ಯಂತ್ರಗಳಲ್ಲಿ ಇಡುತ್ತಾರೆ. ಬಹುಮತವಿದ್ದರೆ ಮಾತ್ರ ಬದಲಾವಣೆ ಅಂಗೀಕಾರವಾಗುವದು. ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಕೆಲಸ ನಡಿಸುವವು.

ತಿದ್ದುವ ಕ್ರಮವು ಹೀಗಿದೆ. ಮೊದಲು ಹಳೆಯ ಫೈಲುಗಳ ಪ್ರತಿಯೊಂದನ್ನು ಜೋಪಾನವಾಗಿ ಇಟ್ಟುಕೊಂಡು, ತಿದ್ದಿದ್ದನ್ನು ಬೇರೊಂದು ಚಿಕ್ಕ ಯಂತ್ರದಲ್ಲಿ ಪರೀಕ್ಷಿಸತಕ್ಕದ್ದು. ಎರಡನೆಯದಾಗಿ, ಅದನ್ನು ಝೂಕೀಪರಿಗೆ ಕಳುಹಿಸತಕ್ಕದ್ದು. ಇಷ್ಟರಿಂದಲೇ ಕೆಲಸ ಮುಗಿಯದು. ಯಂತ್ರಗಳು ಇನ್ನೂ ಹಳೆಯ ಪಾಠವನ್ನೇ ನೆನಪಿನಲ್ಲಿಟ್ಟುಕೊಂಡಿರುತ್ತವೆ. ಆದದರಿಂದ ಮೂರನೆಯದಾಗಿ, ರೀಲೋಡ್ ಎಂಬ ಆಜ್ಞೆ ಕೊಡಬೇಕು. ಹೊಸ ನಿಯಮ ಸಿದ್ಧವಾಗುವ ತನಕ ಹಳೆಯದೇ ಉತ್ತರ ಕೊಡುತ್ತಿರುವದರಿಂದ, ಹುಡುಕುವವರಿಗೆ ಅಡ್ಡಿಯಾಗದು.

ಇನ್ನೊಂದು ಎಚ್ಚರಿಕೆಯುಂಟು. ಪ್ರಶ್ನೆ ಬಂದಾಗ ಅನ್ವಯಿಸುವ ನಿಯಮಕ್ಕೆ ರೀಲೋಡ್ ಸಾಕು. ಸೂಚಿಯನ್ನು ಬರೆಯುವ ನಿಯಮವೇ ಬದಲಾದರೆ, ಹಿಂದೆ ಬರೆದದ್ದು ತಾನಾಗಿ ತಿದ್ದಿಕೊಳ್ಳದು. ಹಾಜರಿ ಪುಸ್ತಕಕ್ಕೆ ಈ ವರ್ಷ ಹೊಸ ಪದ್ಧತಿ ಬಂದರೆ ಕಳೆದ ವರ್ಷದ ಪುಸ್ತಕ ಬದಲಾಗುವದೇ? ಆಗ ಪಕ್ಕದಲ್ಲಿಯೇ ಹೊಸ ಸೂಚಿಯನ್ನು ಮೊದಲಿನಿಂದ ಬರೆದು, ಅದು ಪೂರ್ತಿಯಾದ ಮೇಲೆ ಹಳೆಯದರ ಬದಲಿಗೆ ಅದನ್ನು ಬಳಕೆಗೆ ತರುವದು ಕ್ಷೇಮಕರವು.

ತಾಯಂದಿರೇ, ಯಂತ್ರವು “ಇಲ್ಲ” ಎಂದರೆ ಹುಡುಕುವವರು ಅದನ್ನು ನಂಬಿ ಹಿಂದಿರುಗುವರು. ಇರುವದನ್ನು ಇಲ್ಲವೆಂದು ಯಾರೂ ಕೇಳದಿರಲಿ ಎಂದೇ ನಿಮ್ಮ ಮಗಳು ಆ ರಾತ್ರಿ ಎಚ್ಚರವಿರುತ್ತಾಳೆ. ದೀಪ ಆರಿಸೆಂದು ಅವಳನ್ನು ಗದರಿಸಬೇಡಿರಿ.