ಫೇಸ್‌ಬುಕ್ ಇರುವಾಗ ಇ-ಪುಸ್ತಕ ಯಾಕೆ?

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಬರೆದರೆ ಪುಕ್ಕಟೆಯಾಗಿ ಸಾವಿರಾರು ಜನ ಓದುತ್ತಾರೆ. ಹಾಗಿದ್ದೂ ಕೆಲವರು ಸ್ವಂತ ಡಿಜಿಟಲ್ ಪ್ರಕಟಣೆಗೆ ಯಾಕೆ ಇಷ್ಟು ಒದ್ದಾಡುತ್ತಾರೆ?

ಉತ್ತರ: ಬರಹ ತಮ್ಮ ಕೈಯಲ್ಲೇ ಉಳಿಯಲಿ ಎಂದು. 2009ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ತಾಣವನ್ನು ಮುಚ್ಚಿತು. ಅಲ್ಲಿ ಜನ ವರ್ಷಗಟ್ಟಲೆ ಕಟ್ಟಿದ್ದ ಪುಟಗಳಲ್ಲಿ ಒಂದಷ್ಟು ಉಳಿದದ್ದು, ಹೊರಗಿನ ಸ್ವಯಂಸೇವಕರು ಹಗಲಿರುಳು ನಕಲು ಮಾಡಿಟ್ಟಿದ್ದರಿಂದ. 2019ರಲ್ಲಿ ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣ ಕೂಡ ಮುಚ್ಚಿತು. ಅದೇ ವರ್ಷ ಮೈಸ್ಪೇಸ್ ಜಾಲತಾಣ, ಸರ್ವರ್ ಬದಲಿಸುವಾಗ ಬಳಕೆದಾರರ ಹಳೆಯ ಹಾಡುಗಳು ಕಳೆದುಹೋದವೆಂದು ಒಪ್ಪಿಕೊಂಡಿತು. ಮುಚ್ಚದ ತಾಣದಲ್ಲೂ ಯಾವ ಬರಹ ಯಾರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವುದು ಕಂಪನಿಯೇ, ಬರೆದವರಲ್ಲ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗೀರ್ಟ್ ಲೊವಿಂಕ್ 2004ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ನೆಟ್‌ವರ್ಕ್ ಕಲ್ಚರ್ಸ್ ಎಂಬ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ಟೀಕೆಗಷ್ಟೇ ನಿಲ್ಲಲಿಲ್ಲ. ಸಾಮಾಜಿಕ ಜಾಲತಾಣಗಳನ್ನು ವಿಮರ್ಶಿಸುವ ಪುಸ್ತಕಗಳನ್ನು ಉಚಿತವಾಗಿ ಹಂಚುತ್ತಲೇ ಪ್ರಕಟಣೆಯ ಹೊಸ ವಿಧಾನಗಳನ್ನೂ ಪ್ರಯೋಗಿಸಿತು. ಅವುಗಳಲ್ಲೊಂದು ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆ ಕ್ರಮದ ಬಳಕೆ: ಶೀರ್ಷಿಕೆಯ ಮೊದಲು ಒಂದು ಹ್ಯಾಶ್ ಚಿಹ್ನೆ, ಒತ್ತು ಬೇಕಾದ ಪದದ ಎರಡೂ ಬದಿಗೆ ನಕ್ಷತ್ರ, ಉಳಿದದ್ದೆಲ್ಲ ಬರೀ ಪಠ್ಯ. ಆ ಒಂದೇ ಕಡತದಿಂದ ಅಚ್ಚಿನ ಪುಸ್ತಕ, ಪಿಡಿಎಫ್, ಇಪಬ್ ಎಂಬ ಇ-ಪುಸ್ತಕ ರೂಪ, ಮೂರನ್ನೂ ತೆಗೆಯಬಹುದು. ಯಾವ ಕಂಪನಿ ಮುಳುಗಿದರೂ ಕಡತ ತೆರೆಯುತ್ತದೆ.

ಓದುಗರು ಇರುವುದೇ ಫೇಸ್‌ಬುಕ್‌ನಲ್ಲಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಖಂಡಿತ ಹಂಚಿಕೊಳ್ಳಿ, ಆದರೆ ಮೂಲ ಪ್ರತಿಯನ್ನು ಅಲ್ಲೇ ಬಿಟ್ಟು ಬರಬೇಡಿ.